ಹವ್ಯಾಸದ ಸ್ಪ್ಯಾನರಿಗೂ ಲೆಕ್ಕದ ಪುಸ್ತಕ ಬೇಕು

ಕಾಚಿಗುಡದ ಹಳೆಯ ಗಲ್ಲಿಯಾಗಲಿ, ಕೂಕಟ್‌ಪಲ್ಲಿ, ಮಿಯಾಪುರಗಳ ಹೊಸ ಅಪಾರ್ಟ್‌ಮೆಂಟಾಗಲಿ, ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಬೈಕಿನ ಪಕ್ಕ ಹಳೇ ಗೋಣಿಚೀಲ ಹಾಸಿಕೊಂಡು, ಸ್ಪ್ಯಾನರ್ ಹಿಡಿದು ಕುಳಿತ ನಮ್ಮ ಹುಡುಗ ಒಬ್ಬನಾದರೂ ಕಾಣಸಿಗುತ್ತಾನೆ. ವಾರದ ಐದು ದಿನ ಆತ ಕಂಪ್ಯೂಟರ್ ಮುಂದೆಯೋ, ಔಷಧ ಕಂಪನಿಯ ಲ್ಯಾಬಿನಲ್ಲೋ ದುಡಿಯುವವನು. ಆರನೆಯ ದಿನ ವಿಶ್ರಾಂತಿ. ಏಳನೆಯ ದಿನ ಮಾತ್ರ ಕಾರ್ಬ್ಯುರೇಟರ್ ಬಿಚ್ಚದಿದ್ದರೆ ಅವನಿಗೆ ಊಟ ರುಚಿಸುವುದಿಲ್ಲ. ಇದನ್ನು ನೋಡಿದ ಪಕ್ಕದ ಮನೆಯ ಮಾವ ತಮ್ಮ ಸ್ಕೂಟರನ್ನೂ ತಳ್ಳಿಕೊಂಡು ಬರುತ್ತಾರೆ. "ಹೇಗೂ ನಿನ್ನ ಕೈ ಮಸಿಯಾಗಿದೆಯಲ್ಲಪ್ಪ, ಇದರದ್ದೂ ಸ್ವಲ್ಪ ಬ್ರೇಕ್ ನೋಡಿಬಿಡು." ಎರಡು ಗಂಟೆಯ ಕೆಲಸಕ್ಕೆ ಒಂದು ಲೋಟ ಚಹಾ, ಜೊತೆಗೆ ಕೈಗುಣದ ಹೊಗಳಿಕೆ. ಅದೇ ಮಾವ ಮುಂದಿನ ತಿಂಗಳು ಶೋರೂಮಿನಲ್ಲಿ ಕೊಟ್ಟ ಬಿಲ್ಲನ್ನು ತುಟಿ ಪಿಟಕ್ಕೆನ್ನದೆ ಕಟ್ಟಿ ಬರುತ್ತಾರೆ.

ಈ ಹವ್ಯಾಸವನ್ನೇ ಒಂದು ಉಪವೃತ್ತಿಯನ್ನಾಗಿ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆ ನಮ್ಮ ತರುಣರಲ್ಲಿ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಐಟಿ ನೌಕರಿಯ ಭದ್ರತೆಯ ಬಗ್ಗೆ ಮೊದಲಿದ್ದ ನಂಬಿಕೆ ಈಗ ಉಳಿದಿಲ್ಲವಾದ್ದರಿಂದ ಪ್ರಶ್ನೆ ಸಹಜವೇ. ಮಾಡಿಕೊಳ್ಳಬಹುದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದಕ್ಕೆ ಅಡ್ಡಿಯಾಗಿರುವುದು ಉಪಕರಣಗಳ ಕೊರತೆಯಲ್ಲ, ಕೌಶಲದ ಕೊರತೆಯೂ ಅಲ್ಲ. ಹುಡುಗ ತನ್ನ ದುಡಿಮೆಗೆ ಬೆಲೆ ಕಟ್ಟುವುದಿಲ್ಲ, ನಾವು ಕೊಡುವುದಿಲ್ಲ. ತೊಂದರೆ ಇರುವುದು ಇಲ್ಲಿ.

ಈ ಕೈಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ಮೈಸೂರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಮೋಟಾರ್ ಸೈಕಲ್‌ಗಳನ್ನೂ, 1973ರಿಂದ ಯೆಜ್ಡಿಗಳನ್ನೂ ತಯಾರಿಸಿತು. ಜೆಕೊಸ್ಲೊವಾಕಿಯಾದ ತಂತ್ರಜ್ಞಾನ, ಮೈಸೂರಿನ ಕೈ. ಕಿಕ್‌ಗೂ ಗೇರ್‌ಗೂ ಒಂದೇ ಲಿವರ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಇಂಜಿನ್, ಬೀದಿಯ ಆ ತುದಿಯಿಂದಲೇ ಗುರುತು ಸಿಗುವ ಸದ್ದು. ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಬಂದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಕಂಪನಿ ಇಲ್ಲ, ಶೋರೂಮ್ ಇಲ್ಲ, ವಾರಂಟಿ ಇಲ್ಲ. ಆದರೂ ಅದರ ಗಾಡಿಗಳು ಇಂದಿಗೂ ರಸ್ತೆಯ ಮೇಲಿವೆ, ಪ್ರತಿವರ್ಷ ಜುಲೈನಲ್ಲಿ ಅಭಿಮಾನಿಗಳು ಜಾವಾ ದಿನವನ್ನೇ ಆಚರಿಸುತ್ತಾರೆ. ಇಷ್ಟು ವರ್ಷ ಆ ಗಾಡಿಗಳನ್ನು ಬದುಕಿಸಿದವರು ಬೀದಿಬದಿಯ ಮೆಕ್ಯಾನಿಕ್‌ಗಳು, ಲೇತ್ ಕೆಲಸದವರು ಮತ್ತು ಭಾನುವಾರ ಗೋಣಿಚೀಲ ಹಾಸಿ ಕೂರುವ ಹವ್ಯಾಸಿಗಳು. 2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಸತ್ತ ಕಂಪನಿಯ ಹೆಸರಿಗೆ ಇಷ್ಟು ಬೆಲೆ ಉಳಿದದ್ದು ಹಳೆಯ ಗಾಡಿಗಳು ಓಡುತ್ತಿದ್ದುದರಿಂದಲೇ ಎಂದು ನನ್ನ ಎಣಿಕೆ.

ಇದನ್ನೆಲ್ಲ ಕೇಳಿದ ಹುಡುಗನಿಗೆ ತಟ್ಟನೆ ಹೊಳೆಯುವ ಉಪಾಯವೆಂದರೆ ಹಳೇ ಯೆಜ್ಡಿಯೊಂದನ್ನು ಕೊಂಡು, ಹೊಸದರಂತೆ ಮಾಡಿ ಮಾರುವುದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಲೆಕ್ಕ ಹಾಕೋಣ; ಅಂಕಿಗಳು ಉದಾಹರಣೆಗೆ ಮಾತ್ರ. ಗಾಡಿ ಕೊಂಡದ್ದು 25,000 ರೂಪಾಯಿಗೆ. ಬಿಡಿಭಾಗ ಮತ್ತು ಬೋರಿಂಗ್ 30,000, ಕ್ರೋಮ್ ಲೇಪನ 8,000, ಬಣ್ಣ 7,000. ಒಟ್ಟು 70,000. ಮಾರಿದ್ದು 85,000ಕ್ಕೆ. ಹದಿನೈದು ಸಾವಿರ ಲಾಭ ಎಂದು ಮನೆಯಲ್ಲಿ ಸಿಹಿ ಹಂಚಿಕೆ. ಆದರೆ ಇದಕ್ಕೆ ಹಿಡಿದದ್ದು ಇಪ್ಪತ್ತು ಭಾನುವಾರ, ದಿನಕ್ಕೆ ಆರು ಗಂಟೆಯಂತೆ 120 ಗಂಟೆ. ಗಂಟೆಗೆ ಬಿದ್ದದ್ದು 125 ರೂಪಾಯಿ. ರಾಣಿಗಂಜಿಗೂ ಪುತ್ಲಿಬೌಲಿಗೂ ಬಿಡಿಭಾಗ ಹುಡುಕಿಕೊಂಡು ಅಲೆದ ಸಂಜೆಗಳು ಇದರಲ್ಲಿ ಸೇರಿಲ್ಲ. ಎಪ್ಪತ್ತು ಸಾವಿರ ಐದು ತಿಂಗಳು ಗಾಡಿಯಲ್ಲೇ ಸಿಕ್ಕಿಕೊಂಡಿದ್ದುದೂ ಸೇರಿಲ್ಲ.

ಇನ್ನೊಬ್ಬ ಹುಡುಗ ಇದ್ದಾನೆಂದುಕೊಳ್ಳಿ. ಅವನಿಗೆ ಹಳೇ ಗಾಡಿಯ ಮೋಹವಿಲ್ಲ. ನೆರೆಹೊರೆಯ ನಾಲ್ಕು ಗಾಡಿಗಳಿಗೆ ಆಯಿಲ್ ಬದಲಾಯಿಸಿ, ಚೈನ್ ಬಿಗಿಮಾಡಿ, ಬ್ರೇಕ್ ಶೂ, ಪ್ಲಗ್, ಕೇಬಲ್ ನೋಡಿ, ಸಾಮಾನಿನ ಖರ್ಚು ಬೇರೆಯಾಗಿ ಪಡೆದು, ಒಂದಕ್ಕೆ 350 ರೂಪಾಯಿ ಕೂಲಿ ತೆಗೆದುಕೊಳ್ಳುತ್ತಾನೆ. ಆರು ಗಂಟೆಗೆ 1,400. ಗ್ರೀಸು, ಸೀಮೆಎಣ್ಣೆ, ಒರೆಸುವ ಬಟ್ಟೆಗೆ 200 ಕಳೆದರೆ 1,200. ಗಂಟೆಗೆ 200 ರೂಪಾಯಿ, ಅದೂ ಅಂದಂದಿನ ಸಂಜೆಗೇ ಕೈಗೆ. ಯಾರೂ ಇವನ ಫೋಟೋ ತೆಗೆಯುವುದಿಲ್ಲ, ಹೊಳೆಯುವ ಟ್ಯಾಂಕನ್ನು ಸವರಿ ನೋಡುವುದಿಲ್ಲ. ಆದರೆ ಗೆದ್ದವನು ಇವನೇ. ಹಳೇ ಗಾಡಿ ಕಟ್ಟುವುದನ್ನು ಪ್ರೀತಿಗಾಗಿ ಮಾಡಲಿ, ಯಾರದೂ ತಕರಾರಿಲ್ಲ. ವ್ಯಾಪಾರವೆಂದು ಕರೆಯುವ ಮೊದಲು ಗಂಟೆಗಳನ್ನು ಬರೆದಿಡಲಿ.

ಗಿರಾಕಿಯ ಹಳೇ ಗಾಡಿಯನ್ನು ಒಪ್ಪಿಕೊಂಡವರಿಗೆ ಇನ್ನೊಂದು ಗುಂಡಿಯಿದೆ. ಮೊದಲ ಗಿರಾಕಿಯ ಮುಂಗಡದಿಂದ ಎರಡನೆಯವರ ಬಿಡಿಭಾಗ, ಎರಡನೆಯವರದ್ದರಿಂದ ಮೂರನೆಯವರದ್ದು ಎಂದು ಹೊರಳಿಸುತ್ತಾ ಹೋದರೆ ಕೊನೆಗೆ ಮೂರೂ ಗಾಡಿ ಬಿಚ್ಚಿದ ಸ್ಥಿತಿಯಲ್ಲಿ ನಿಲ್ಲುತ್ತವೆ, ಮೂವರ ಸ್ನೇಹವೂ ಹೋಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಈ ಆಟ ಬಹಳ ಪರಿಚಿತ. ದೊಡ್ಡ ಗ್ಯಾರೇಜುಗಳೂ ಇದರಲ್ಲೇ ಮುಳುಗುತ್ತವೆ. ಗಾಡಿಗೊಂದು ಪುಟ, ಬಂದ ಹಣ, ಹೋದ ಹಣ, ದಿನಾಂಕ, ಇಷ್ಟಕ್ಕೆ ಬಿ.ಕಾಂ. ಬೇಕಾಗಿಲ್ಲ. ಹಂತಕ್ಕೊಮ್ಮೆ ಹಣ ಪಡೆದು, ಆ ಹಣ ಆ ಗಾಡಿಗೇ ಮೀಸಲು ಎಂದಿಟ್ಟರೆ ಸಾಕು.

ನೌಕರಿಯಲ್ಲಿರುವವರು ಮೊದಲು ತಮ್ಮ ನೇಮಕಾತಿ ಪತ್ರವನ್ನು ತೆಗೆದು ಓದುವುದು ಒಳ್ಳೆಯದು. ನನ್ನಂಥ ಬ್ಯಾಂಕ್ ನೌಕರ ಲಿಖಿತ ಅನುಮತಿಯಿಲ್ಲದೆ ಬೇರೆ ವ್ಯಾಪಾರ ನಡೆಸಿದರೆ ಅದು ಗಂಭೀರ ದುರ್ನಡತೆ. ಕೇಂದ್ರ ಸರ್ಕಾರಿ ನೌಕರರಿಗೂ 1964ರ ನಡತೆ ನಿಯಮಗಳಂತೆ ಪೂರ್ವಾನುಮತಿ ಬೇಕು. ಹೆಂಡತಿಯ ಹೆಸರಿನಲ್ಲಿ ಮಾಡಿದರಾಯಿತು ಎನ್ನುವ ಜಾಣತನ ವಿಚಾರಣೆಯ ಮುಂದೆ ನಿಲ್ಲುವುದು ಕಷ್ಟ. ಖಾಸಗಿ ಕಂಪನಿಗಳ ನಿಲುವು ಒಂದೇ ತೆರನಾಗಿಲ್ಲ. 2022ರಲ್ಲಿ ವಿಪ್ರೋ ಸಂಸ್ಥೆಯು ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದರೆಂದು 300 ಮಂದಿಯನ್ನು ತೆಗೆದುಹಾಕಿತು. ಅದೇ ವರ್ಷ ಇನ್ಫೋಸಿಸ್ ಪೂರ್ವಾನುಮತಿ ಪಡೆದು ಹೊರಗಿನ ಬಿಡಿ ಕೆಲಸ ಮಾಡಬಹುದೆಂದಿತು. ಬ್ರೇಕ್ ರಿಪೇರಿ ಮಾಡುವವನು ಸಾಫ್ಟ್‌ವೇರ್ ಕಂಪನಿಗೆ ಪ್ರತಿಸ್ಪರ್ಧಿಯಲ್ಲ, ನಿಜ. ಆದರೂ ಒಂದು ಇ-ಮೇಲ್ ಬರೆದು ಒಪ್ಪಿಗೆ ಪಡೆದಿಟ್ಟುಕೊಂಡರೆ ನಷ್ಟವೇನು?

ನಮ್ಮವರಿಗೇ ವಿಶೇಷವಾದ ಇನ್ನೊಂದು ವಿಷಯವಿದೆ. ಊರಿನಿಂದ ತಂದ ಗಾಡಿಗಳು. ಕೆಎ-32, ಕೆಎ-36, ಕೆಎ-38 ಎಂಬ ಸಂಖ್ಯೆಗಳು ಈ ನಗರದಲ್ಲಿ ಕಣ್ಣಿಗೆ ಬಿದ್ದರೆ ನಮಗೆಲ್ಲ ಒಂದು ಬಗೆಯ ಸಂತೋಷ. ಆದರೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಊರಿನ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹದಿನೈದು ವರ್ಷ ಮುಗಿದ ಗಾಡಿಗೆ ನೋಂದಣಿ ನವೀಕರಣವೂ ಆಗಬೇಕು. ಅಜ್ಜನ ಯೆಜ್ಡಿಯನ್ನು ರಿಪೇರಿಗೆ ತಂದವರಿಗೆ ಹುಡುಗ ಮೊದಲು ಕೇಳಬೇಕಾದದ್ದು ಆರ್‌ಸಿ. ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಅದರೊಂದಿಗೆ ತಾಳೆಯಾಗದಿದ್ದರೆ ಗಾಡಿಯನ್ನು ಮುಟ್ಟದೆ ಕಳಿಸಬೇಕು, ತಂದವರು ಎಷ್ಟೇ ಹತ್ತಿರದ ನೆಂಟರಾಗಿರಲಿ. ಕಳುವಿನ ಗಾಡಿ ಮನೆಯ ಮುಂದೆ ಸಿಕ್ಕರೆ ಪೊಲೀಸರು ಹವ್ಯಾಸವನ್ನು ಕೇಳುವುದಿಲ್ಲ.

ಯಾವ ಕೆಲಸ ಒಪ್ಪಿಕೊಳ್ಳಬಾರದು ಎಂಬುದೂ ತಿಳಿದಿರಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಜಾಗದಲ್ಲಿ ಫ್ಯುಯೆಲ್ ಇಂಜೆಕ್ಷನ್ ಕುಳಿತಿದೆ. ಅದರ ದೋಷ ಕಂಡುಹಿಡಿಯಲು ಸ್ಕ್ಯಾನರ್ ಬೇಕು, ಕಿವಿಯೊಂದೇ ಸಾಲದು. ಎಬಿಎಸ್ ಬ್ರೇಕು ಇನ್ನೂ ಸೂಕ್ಷ್ಮ. ವಾರಂಟಿಯಲ್ಲಿರುವ ಗಾಡಿಯನ್ನು ಹೊರಗೆ ಬಿಚ್ಚಿದರೆ ವಾರಂಟಿಗೇ ತಕರಾರು ಬರಬಹುದು. ಆದ್ದರಿಂದ ವಾರಂಟಿ ಮುಗಿದ, ಕೈಗೆ ಪರಿಚಯವಿರುವ ಗಾಡಿಗಳೇ ಆರಂಭಕ್ಕೆ ಲೇಸು. ಇನ್ನು ಹಳೇ ಇಂಜಿನ್ ಆಯಿಲನ್ನು ಅಪಾರ್ಟ್‌ಮೆಂಟಿನ ಮೋರಿಗೆ ಸುರಿಯುವ ಚಾಳಿ. ಬಳಸಿದ ಆಯಿಲು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ಕೂಡಿಟ್ಟು ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡಬೇಕು. ಅಪಾರ್ಟ್‌ಮೆಂಟ್ ಸಂಘದ ಮುಂದೆ ಹುಡುಗನ ಕೆಲಸ ನಿಲ್ಲಲು ಇದೊಂದೇ ದೂರು ಸಾಕು.

ಸಾಲದ ವಿಷಯ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಬ್ಯಾಂಕಿನವನಾಗಿಯೂ ಹೇಳುತ್ತೇನೆ, ಮೊದಲ ಆರು ತಿಂಗಳು ಅದರ ಗೋಜಿಗೆ ಹೋಗಬೇಡಿ. ತೀರ ಬೇಕಾದರೆ ಏರ್ ಕಂಪ್ರೆಸರ್‌ನಂಥ ದಿನವೂ ದುಡಿಯುವ ಯಂತ್ರಕ್ಕೆ ತೆಗೆದುಕೊಳ್ಳಿ, ಹಳೇ ಗಾಡಿ ಕೊಳ್ಳಲು ಅಲ್ಲ. ಗಾಡಿ ಮಾರಾಟವಾಗಲಿ ಬಿಡಲಿ, ಕಂತು ತಪ್ಪದೆ ಬರುತ್ತದೆ. ಸಣ್ಣ ಉದ್ಯಮದ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಮಾಡಿಸಿಕೊಡುತ್ತೇವೆಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿದ್ದಾರೆ, ಎಚ್ಚರ. ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಇಂಥ ರಿಪೇರಿ ಕೆಲಸಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಆದಾಯ ತೆರಿಗೆ ವಿವರದಲ್ಲಿ ಈ ಗಳಿಕೆಯನ್ನು ತೋರಿಸಲೇಬೇಕು. ಸಂಬಳದವರು ತುಂಬುವ ಐಟಿಆರ್-1 ಆಗ ನಡೆಯುವುದಿಲ್ಲ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಗಿರಾಕಿಗೆ ಹಳೇ ದರವನ್ನೇ ಹೇಳಬೇಡಿ, ಅಂಗಡಿಯ ಬಿಲ್ಲನ್ನೇ ಕೊಟ್ಟುಬಿಡಿ. ನಂಬಿಕೆ ಬೆಳೆಯುವುದು ಹೀಗೆ.

ಕೊನೆಯದಾಗಿ ಮಾವಂದಿರ ವಿಷಯಕ್ಕೆ ಬರೋಣ. "ನಮ್ಮವರ ಹತ್ತಿರ ದುಡ್ಡು ಕೇಳುವುದು ಹೇಗೆ" ಎಂದು ಹುಡುಗರು ಹಿಂಜರಿಯುತ್ತಾರೆ. "ನಮ್ಮ ಹುಡುಗನಿಗೆ ದುಡ್ಡು ಕೊಟ್ಟರೆ ಬೇಜಾರಾದಾನು" ಎಂದು ಹಿರಿಯರೂ ಸುಮ್ಮನಾಗುತ್ತಾರೆ. ಎರಡೂ ಕಡೆ ಸಂಕೋಚ, ನಷ್ಟ ಮಾತ್ರ ಒಂದೇ ಕಡೆ. ಪರಊರಿನಲ್ಲಿ ಒಬ್ಬರಿಗೊಬ್ಬರು ಆಗಬೇಕೆಂದು ಸಭೆಗಳಲ್ಲಿ ನಾವು ಹೇಳುತ್ತಲೇ ಇರುತ್ತೇವೆ. ಗಡಿಯಾಚೆಯಿಂದ ಬಂದು ಇಲ್ಲಿ ಹೋಟೆಲು, ಮುದ್ರಣಾಲಯ ಕಟ್ಟಿದ ಹಿರಿಯರ ಹತ್ತಿರ ನಾವು ಇಡ್ಲಿಗೂ ಆಹ್ವಾನ ಪತ್ರಿಕೆಗೂ ಪುಕ್ಕಟೆ ಕೇಳಿದ್ದುಂಟೇ? ಹುಡುಗ ದರಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಲಿ, ನೆಂಟರಿಗೆ ಬೇಕಿದ್ದರೆ ಹತ್ತರಲ್ಲಿ ಒಂದು ಪಾಲು ಬಿಡಲಿ. ಪಟ್ಟಿ ನೋಡಿದ ಮೇಲೆ ಕೇಳುವ ಕಷ್ಟವೂ ಇಲ್ಲ, ಕೊಡುವ ಮುಜುಗರವೂ ಇಲ್ಲ.

ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತವೆ, ಅದರಲ್ಲಿ ಪುಟಗಟ್ಟಲೆ ಶುಭಾಶಯದ ಜಾಹೀರಾತು ಇರುತ್ತದೆ. ಮುಂದಿನ ನವೆಂಬರಿನ ಸಂಚಿಕೆಯಲ್ಲಿ ಒಂದು ಪುಟವನ್ನು ಕೈಕೆಲಸ ಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಲಿ: ಬಡಾವಣೆ, ಮಾಡುವ ಕೆಲಸ, ಫೋನ್ ಸಂಖ್ಯೆ. ಅವರವರ ಒಪ್ಪಿಗೆ ಪಡೆದು ಹಾಕಬೇಕು, ಕೂಲಿಯ ದರವನ್ನೂ ಹೆಸರಿನ ಎದುರಿಗೇ ಅಚ್ಚು ಹಾಕಿಸಬೇಕು.