ಬಿಳುಪೇ ಗುಣವಲ್ಲ

ಶಿಯಾ ಬೆಣ್ಣೆ ಬೆರೆತ ಸಾಬೂನು, ಲೇಪಗಳಿಗೆ ಈಗ ನಮ್ಮ ಪೇಟೆಗಳಲ್ಲಿ ಕೊರತೆಯಿಲ್ಲ. ಬರಿಯ ಬೆಣ್ಣೆಯ ಡಬ್ಬಿಗಳೂ ಬರುತ್ತಿವೆ. ಒಂದರಲ್ಲಿರುವುದು ಹಾಲುಬಿಳುಪು, ಇನ್ನೊಂದರಲ್ಲಿ ನಸುಹಳದಿ. ಒಂದು ಗಟ್ಟಿ, ಇನ್ನೊಂದು ಮೆದು. ಬೆಳ್ಳಗಿರುವುದೇ ಅಸಲು, ಉಳಿದುದೆಲ್ಲ ಕಲಬೆರಕೆ ಎಂದು ತೀರ್ಮಾನಿಸುವವರೇ ಹೆಚ್ಚು. ಈ ತೀರ್ಮಾನ ಸರಿಯಲ್ಲ.

ಶಿಯಾ ಆಫ್ರಿಕದ ಹುಲ್ಲುಗಾಡಿನ ಮರ. ಸೆನೆಗಲ್‌ನಿಂದ ಇಥಿಯೋಪಿಯದವರೆಗೆ ಹಬ್ಬಿದೆ. ಅದರ ಬೀಜದ ತಿರುಳಿನ ಕೊಬ್ಬೇ ಈ ಬೆಣ್ಣೆ. ಮರ ಒಂದೇ ಜಾತಿಯದಾದರೂ ಉಪಜಾತಿಗಳು ಎರಡು. ಬುರ್ಕಿನಾ ಫಾಸೊ, ಘಾನಾ, ಮಾಲಿ ಮೊದಲಾದ ಪಶ್ಚಿಮದ ದೇಶಗಳ ಬೆಣ್ಣೆಯಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು. ಆದುದರಿಂದ ಅದು ಗಟ್ಟಿ. ಯುಗಾಂಡ, ದಕ್ಷಿಣ ಸುಡಾನ್ ಕಡೆಯದರಲ್ಲಿ ಓಲಿಯಿಕ್ ಆಮ್ಲ ಹೆಚ್ಚು. ಅದು ಮೆದು, ಸೆಕೆಗೆ ಎಣ್ಣೆಯಂತಾಗುತ್ತದೆ. ಚಾಕಲೇಟಿಗೆ ಗಟ್ಟಿಯದು ಬೇಕು, ಮೈಗೆ ಹಚ್ಚಲು ಮೆದುವಾದುದು ಸುಲಭ. ಇದು ಮೇಲು ಕೀಳಿನ ಪ್ರಶ್ನೆಯಲ್ಲ, ಉಪಯೋಗದ ಪ್ರಶ್ನೆ.

ನಿಜವಾದ ಮೇಲು ಕೀಳು ಹುಟ್ಟುವುದು ಕೆಲಸದ ಕ್ರಮದಲ್ಲಿ. ಉದುರಿದ ಹಣ್ಣನ್ನು ಬೇಗನೆ ಹೆಕ್ಕಿ, ಬೀಜವನ್ನು ಬೇಯಿಸಿ, ಚೆನ್ನಾಗಿ ಒಣಗಿಸಿದರೆ ಬೆಣ್ಣೆ ಬಹುಕಾಲ ಕೆಡದು. ಬೀಜ ಮೊಳೆತರೆ, ಬೂಸ್ಟು ಹಿಡಿದರೆ ಕೊಬ್ಬು ಒಡೆದು ಆಮ್ಲಾಂಶ ಏರುತ್ತದೆ. ಕಮಟು ವಾಸನೆ ಬರುತ್ತದೆ. ಅಡಿಕೆ, ಕೊಪ್ಪರ ಒಣಗಿಸಿ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಇಂತಹ ಬೆಣ್ಣೆಯನ್ನೂ ಕಾರ್ಖಾನೆಯಲ್ಲಿ ಶುದ್ಧೀಕರಿಸಿ, ವಾಸನೆ ಕಳೆದು, ಬೆಳ್ಳಗೆ ಮಾಡಬಹುದು. ಹಾಗೆ ಶುದ್ಧೀಕರಿಸಿದ್ದು ಹಾನಿಕರವೆಂದು ನಾನು ಹೇಳುತ್ತಿಲ್ಲ. ಬಿಳುಪು ಗುಣಕ್ಕೆ ಸಾಕ್ಷಿಯಾಗದು ಎಂಬುದಷ್ಟೇ ನನ್ನ ವಾದ.

ಈ ಬೀಜ ಹೆಕ್ಕಿ ಒಣಗಿಸುವವರು ಬಹುಪಾಲು ಹಳ್ಳಿಯ ಹೆಂಗಸರು. ಕಚ್ಚಾ ಬೀಜವೇ ಪರದೇಶಕ್ಕೆ ಹೋದರೆ ಲಾಭವೂ ಅದರ ಹಿಂದೆಯೇ ಹೋಗುತ್ತದೆ. ಬೀಜ ತಮ್ಮಲ್ಲೇ ಬೆಣ್ಣೆಯಾಗಲಿ ಎಂದೇ ನೈಜೀರಿಯ ಸರಕಾರ 2025ರ ಆಗಸ್ಟಿನಲ್ಲಿ ಕಚ್ಚಾ ಬೀಜದ ರಫ್ತನ್ನು ಆರು ತಿಂಗಳ ಮಟ್ಟಿಗೆ ನಿಷೇಧಿಸಿತು.

ದೂರದ ದೇಶದ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಚಾಕಲೇಟಿಗೆ ಶೇಕಡಾ 5ರ ಮಿತಿಯಲ್ಲಿ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳನ್ನು ಐರೋಪ್ಯ ಒಕ್ಕೂಟ 2000ದಲ್ಲಿ ಹೆಸರಿಸಿತು. ಆ ಪಟ್ಟಿಯಲ್ಲಿ ಶಿಯಾದ ಜೊತೆಗೆ ನಮ್ಮ ಪುನರ್ಪುಳಿ ಬೀಜದ ಕೊಬ್ಬೂ ಇದೆ! ಸ್ಟಿಯರಿಕ್ ಆಮ್ಲ ಹೆಚ್ಚಿರುವುದರಿಂದ ಅದು ಶಿಯಾಕ್ಕಿಂತಲೂ ಗಟ್ಟಿ. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವುದು ಕರಾವಳಿಯ ಹಳೆಯ ರೂಢಿ. ಆದರೂ ಸಿಪ್ಪೆಯನ್ನು ಜೋಪಾನವಾಗಿ ಒಣಗಿಸುವ ಕೈಯೇ ಬೀಜವನ್ನು ತೋಟದ ಮೂಲೆಗೆ ಎಸೆಯುತ್ತದೆ.

ಡಬ್ಬಿ ಕೊಳ್ಳುವಾಗ ಯಾವ ದೇಶದ್ದು, ಶುದ್ಧೀಕರಿಸಿದ್ದೋ ಅಲ್ಲವೋ, ಎಂದಿನದು ಎಂದು ವಿಚಾರಿಸಿ. ಉತ್ತರವಿಲ್ಲದ ಡಬ್ಬಿಗೆ ಹೆಚ್ಚಿನ ಬೆಲೆ ತೆರಬೇಡಿ. ಬರುವ ಬೇಸಗೆಯಲ್ಲಿ ಪುನರ್ಪುಳಿಯ ಬೀಜವನ್ನೂ ಅಂಗಳದ ಒಂದು ಚಾಪೆಯಲ್ಲಿ ಹರವಿ ಒಣಗಿಸಿ ನೋಡಿ.