ಬಾಟಲಿಯಲ್ಲಿ ಸಿಗದ ಇಮ್ಯುನಿಟಿ

ಕೋವಿಡ್ ನಂತರ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯ, ಮಾತ್ರೆಗಳ ವ್ಯಾಪಾರ ಹಳ್ಳಿ ಅಂಗಡಿಗೂ ಇಳಿದಿದೆ. ರೋಗನಿರೋಧಕ ಶಕ್ತಿ ಜಾಸ್ತಿಯಾದಷ್ಟೂ ಒಳ್ಳೆಯದೆಂಬ ನಂಬಿಕೆಯೇ ಇದರ ಬಂಡವಾಳ. ದೇಹದ ಲೆಕ್ಕವೇ ಬೇರೆ. 1975ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್, ಇವಾ ಕ್ಲೈನ್, ಹನ್ಸ್ ವಿಗ್ಜೆಲ್ ವಿವರಿಸಿದ ‘ನ್ಯಾಚುರಲ್ ಕಿಲ್ಲರ್’ ಕಣಗಳನ್ನೇ ನೋಡಿ. ಕ್ಯಾನ್ಸರ್ ಕಣವನ್ನೂ ವೈರಸ್ ಹೊಕ್ಕ ಕಣವನ್ನೂ ಮೊದಲ ಭೇಟಿಯಲ್ಲೇ ಕೊಲ್ಲಬಲ್ಲ ಈ ಬಿಳಿ ರಕ್ತಕಣಗಳ ಆಯಸ್ಸು ಸುಮಾರು ಎರಡು ವಾರ. ಅಷ್ಟು ದಿನ ಬದುಕಲೂ ಬೇರೆ ಕಣಗಳು ಐಎಲ್-15 ಎಂಬ ಪ್ರೋಟೀನನ್ನು ತಮ್ಮ ಮೈಮೇಲೆ ಹೊತ್ತು ತಂದು ಇವಕ್ಕೆ ಮುಟ್ಟಿಸುತ್ತಿರಬೇಕು. ಅದು ನಿಂತರೆ, ಒಳಗಿದ್ದು ಕಾಪಾಡುವ ಎಂಸಿಎಲ್-1 ಪ್ರೋಟೀನು ಕರಗಿ, ಕಣ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ದಿನಗೂಲಿಯ ಕಾವಲುಗಾರರಿವರು, ಪಿಂಚಣಿಯಿಲ್ಲ. ಇದು ಕ್ರೌರ್ಯವಲ್ಲ, ಎಚ್ಚರ. ಕಿಲ್ಲರ್ ಕಣಗಳ ಕೊಲ್ಲುವ ಅಸ್ತ್ರವಾದ ಪರ್ಫೋರಿನ್ ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ಕೆರಳಿದ ರೋಗನಿರೋಧಕ ಕಣಗಳನ್ನು ಮುಗಿಸುವವರಿಲ್ಲದೆ ಉರಿಯೂತ ಹದ ಮೀರುತ್ತದೆ. ಚಿಕಿತ್ಸೆ ಸಿಗದಿದ್ದರೆ ಮಗು ಉಳಿಯುವುದು ಕಷ್ಟ.

ಐಎಲ್-15 ಆಧರಿಸಿದ ಔಷಧಿಗೆ ಅಮೆರಿಕವೇ 2024ರಲ್ಲಿ ಒಪ್ಪಿಗೆ ಕೊಟ್ಟಿದೆಯಲ್ಲ ಎಂದು ತಿಳಿದವರು ಕೇಳಬಹುದು. ಕೊಟ್ಟಿದೆ. ಆದರೆ ಅದು ಒಂದು ಬಗೆಯ ಮೂತ್ರಕೋಶದ ಕ್ಯಾನ್ಸರಿಗೆ, ಬಿಸಿಜಿ ಲಸಿಕೆಯ ಜೊತೆಗೆ, ನೇರ ಮೂತ್ರಕೋಶದೊಳಕ್ಕೇ, ವೈದ್ಯರ ಕಣ್ಣೆದುರು. ಇಡೀ ಮೈಗೆ ಹಬ್ಬಿಸದೆ ಒಂದೆಡೆ ಕಟ್ಟಿಹಾಕಿದ ಈ ಎಚ್ಚರಿಕೆಯೇ ನನ್ನ ವಾದಕ್ಕೆ ಸಾಕ್ಷಿ. ಇನ್ನು ಆಹಾರ ಮುಖ್ಯವಲ್ಲವೇ ಎಂದರೆ, ಹೊಟ್ಟೆಗಿಲ್ಲದವರಿಗೆ ಮುದ್ದೆ, ಬೇಳೆ, ಮೊಟ್ಟೆ ಬೇಕೇ ಬೇಕು. ಅದು ಕೊರತೆ ನೀಗಿಸುವ ಮಾತು. ಉಂಡವರಿಗೆ ಪುಡಿ ಮಾರುವುದಕ್ಕೆ ನೆಪವಲ್ಲ.

ನಮ್ಮ ಜಿಲ್ಲೆಯ ಕಾಯಿಲೆ ಬೇರೆಯೇ ಇದೆ. ಕೋಲಾರದ ತಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಬಾಯಿ ಕ್ಯಾನ್ಸರ್ ಕುರಿತು ಬರೆಯುತ್ತಲೇ ಬಂದಿದ್ದಾರೆ; ರೋಗಿಗಳಲ್ಲಿ ಎಲೆ-ಅಡಿಕೆ, ಸುಣ್ಣ, ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವ ಹೆಂಗಸರು ಬಹಳ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿತು. ಗೆಡ್ಡೆ ಬೆಳೆದ ಮೇಲಂತೂ ಕಿಲ್ಲರ್ ಕಣಗಳ ಕೈ ಸೋಲುತ್ತದೆ: ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಅವು ಅಕಾಲದಲ್ಲೇ ಸಾಯುವುದನ್ನು ಸಂಶೋಧಕರು ಕಂಡಿದ್ದಾರೆ. ಬೇಡದ ಸಾವು ಇದು, ಮತ್ತು ಇದಕ್ಕೆ ಕಷಾಯ ಮದ್ದಲ್ಲ. ಮೂವತ್ತು ದಾಟಿದವರೆಲ್ಲರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅದು ಕಡತಕ್ಕಲ್ಲದೆ ಕೆನ್ನೆಯೊಳಕ್ಕೆ ಟಾರ್ಚು ಬಿಟ್ಟು ನಡೆಯಬೇಕು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ ಕಂಡರೆ ಆಶಾ ಕಾರ್ಯಕರ್ತೆ ಅಂದೇ ಆಸ್ಪತ್ರೆಗೆ ಚೀಟಿ ಬರೆಯುವಂತಾಗಬೇಕು.