ಸಿಲಿಂಡರ್ ತೂಕ ಕೇಳೋಕೆ ಸಂಕೋಚ ಯಾಕೆ?

ನೀವು ಬೆಂಗಳೂರಿನ ಆಫೀಸಲ್ಲಿ ಮೀಟಿಂಗ್‌ನಲ್ಲಿರ್ತೀರಿ. ಊರಿಂದ ಅಮ್ಮನ ಫೋನ್. "ಗ್ಯಾಸ್‌ನವ್ನು ಬಂದವ್ನೆ ಕಣಪ್ಪ, ಅದೇನೋ ನಂಬರ್ ಕೇಳ್ತಾವ್ನೆ, ಬಿರ್ರನೆ ಹೇಳು." ಮೆಸೇಜ್ ನೋಡಿ ಕೋಡ್ ಹೇಳ್ತೀರಿ, ಫೋನ್ ಇಡ್ತೀರಿ. ಕೆಲಸ ಮುಗೀತು.

ಗೆಜ್ಜಲಗೆರೆ, ಮದ್ದೂರು, ಮಂಡ್ಯ ಸುತ್ತಿನ ಎಷ್ಟೋ ಮನೆಗಳ ಅಡುಗೆ ಅನಿಲದ ವ್ಯವಹಾರ ಈಗ ಹೀಗೇ ನಡೀತಿದೆ. ಒಲೆ ಊರಲ್ಲಿ, ಮೊಬೈಲ್ ನಂಬರ್ ಬೆಂಗಳೂರಲ್ಲಿ. ಅಲ್ಲಿ ಸಿಲಿಂಡರ್ ಇಳಿಸಿಕೊಳ್ಳೋರಿಗೆ ಹಕ್ಕುಗಳ ಬಗ್ಗೆ ಗೊತ್ತಿಲ್ಲ, ಗೊತ್ತಿರೋ ನಾವು ಬಾಗಿಲಲ್ಲಿ ನಿಂತಿಲ್ಲ. ನಡುವೆ ಸೋರಿಹೋಗೋದು ಅಪ್ಪ ಅಮ್ಮನ ದುಡ್ಡು.

ಮೊದಲಿಗೆ ಆ ಕೋಡ್. 2020ರ ನವೆಂಬರ್‌ನಿಂದ ಹಂತಹಂತವಾಗಿ ಬಂದ ವ್ಯವಸ್ಥೆ ಅದು. ನಿಮ್ಮ ಸಿಲಿಂಡರ್ ಬೇರೆಯವರ ಪಾಲಾಗದಿರಲಿ ಅಂತ ಮಾಡಿದ್ದು. ಕೋಡ್ ಹೇಳಿದ್ರೆ "ಸಿಲಿಂಡರ್ ನನಗೆ ತಲುಪಿದೆ" ಅಂತ ಸಹಿ ಹಾಕಿದ ಹಾಗೆ. ಹಾಗಾಗಿ ಸಿಲಿಂಡರ್ ಮನೆಯೊಳಗೆ ಬಂದು, ಸೀಲ್ ನೋಡಿ, ತೂಕ ನೋಡಿ, ಬಿಲ್ ಕೈಗೆ ಸಿಕ್ಕ ಮೇಲಷ್ಟೇ ಹೇಳಬೇಕು. ಇನ್ನೂ ಒಳ್ಳೇದು, ಏಜೆನ್ಸಿಯಲ್ಲಿ ನೋಂದಣಿಯಾದ ಮೊಬೈಲ್ ನಂಬರನ್ನೇ ಬದಲಿಸಿ ಮನೆಯಲ್ಲಿರೋರ ನಂಬರ್ ಕೊಟ್ಟುಬಿಡಿ. ಒಲೆ ಮುಂದೆ ನಿಲ್ಲೋರ ಕೈಯಲ್ಲೇ ಆ ಸಹಿ ಇರಲಿ.

ಇನ್ನು ತೂಕದ ವಿಷಯ. ಗೆಜ್ಜಲಗೆರೆ ಅಂದ ತಕ್ಷಣ ನೆನಪಾಗೋದು ಮನ್‌ಮುಲ್ ಡೇರಿ. ಈ ಡೇರಿಗೆ ಹಾಲು ಕಳಿಸೋ ಊರೂರಿನ ಸಂಘಗಳಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೀತಾರೆ, ಫ್ಯಾಟ್ ನೋಡ್ತಾರೆ. ಅಳತೆಯಲ್ಲಿ ಚೂರು ವ್ಯತ್ಯಾಸ ಕಂಡ್ರೂ ಹಾಲು ಹಾಕೋಕೆ ಬಂದ ಅಜ್ಜಿ ಸುಮ್ನಿರಲ್ಲ, ಅಲ್ಲೇ ಕೇಳ್ತಾಳೆ. ಅದೇ ಅಜ್ಜಿ ಸಿಲಿಂಡರ್ ಬಂದಾಗ ಮಾತ್ರ ತೂಕ ಕೇಳಲ್ಲ. ಯಾಕೆ? "ಕಿರಿಕ್ ಮಾಡಿದ್ರೆ ಮುಂದಿನ ಸಲ ಲೇಟ್ ಮಾಡ್ತಾರೆ" ಅನ್ನೋ ಭಯ.

ಲೆಕ್ಕ ಸುಲಭ. ಖಾಲಿ ಸಿಲಿಂಡರ್‌ನ ತೂಕ ಅದರ ಮೇಲೇ ಬರೆದಿರುತ್ತೆ. ಅದಕ್ಕೆ 14.2 ಕೆಜಿ ಸೇರಿಸಿ. ಖಾಲಿ ತೂಕ 15.6 ಕೆಜಿ ಅಂತಿದ್ರೆ ತುಂಬಿದ ಸಿಲಿಂಡರ್ 29.8 ಕೆಜಿ ತೂಗಬೇಕು. ಡೆಲಿವರಿಗೆ ಬರೋರು ತಕ್ಕಡಿ ತರಬೇಕು, ಕೇಳಿದ್ರೆ ತೂಗಿ ತೋರಿಸಬೇಕು. ಹಿಡಿಕೆಯ ಪಟ್ಟಿ ಮೇಲೆ ಎ-27, ಸಿ-28 ಥರ ಬರೆದಿರೋದು ಮರುಪರೀಕ್ಷೆಯ ಗಡುವು. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಮುಂದಿನ ಅಂಕಿ ವರ್ಷ. ಗಡುವು ಮೀರಿದ ಸಿಲಿಂಡರ್ ವಾಪಸ್ ಕಳಿಸಿ.

ಮೂರನೇದು, ಬಿಲ್ ಮೇಲಿನ ಆ ಮೂವತ್ತೋ ಐವತ್ತೋ ರೂಪಾಯಿ. ನಿಮ್ಮ ಮನೆ ಏಜೆನ್ಸಿಯ ಮನೆ-ಡೆಲಿವರಿ ವ್ಯಾಪ್ತಿಯಲ್ಲಿದ್ರೆ ತಂದುಕೊಡೋ ಖರ್ಚು ಬಿಲ್ ಬೆಲೆಯಲ್ಲೇ ಸೇರಿರುತ್ತೆ. ನೀವೇ ಗೋಡೌನ್‌ಗೆ ಹೋಗಿ ತಂದ್ರೆ ಆ ಮೊತ್ತ ಕಳೆದು ಬಿಲ್ ಮಾಡಬೇಕು. ಊರು ವ್ಯಾಪ್ತಿಯಲ್ಲಿದೆಯೋ ಇಲ್ವೋ ಅಂತ ಏಜೆನ್ಸಿಯಲ್ಲಿ ಒಮ್ಮೆ ಕೇಳಿ ತಿಳ್ಕೊಳ್ಳಿ. ಹಾಗಂತ 30 ಕೆಜಿ ಹೊತ್ತು ತರೋ ಹುಡುಗನ ಮೇಲೆ ರೇಗಬೇಡಿ. ಅವನ ಕೂಲಿ ಏಜೆನ್ಸಿಯ ಜವಾಬ್ದಾರಿ. ಖುಷಿಯಿಂದ ಕಾಫಿಗೆ ಕೊಡೋದು ಬೇರೆ, ಕೊಡದಿದ್ರೆ ಸಿಲಿಂಡರ್ ಇಳಿಸಲ್ಲ ಅನ್ನೋದು ಬೇರೆ.

ಹೊಸ ಸಂಪರ್ಕ ಪಡೆಯೋವಾಗ "ಸ್ಟೌವ್ ನಮ್ಮತ್ರನೇ ತಗೋಬೇಕು" ಅಂದ್ರೆ ಒಪ್ಪಬೇಕಾಗಿಲ್ಲ. ಆಧಾರ್ ಇ-ಕೆವೈಸಿಗೂ ದುಡ್ಡು ಕೊಡೋ ಹಾಗಿಲ್ಲ, ಅದು ಉಚಿತ, ಕಂಪನಿಯ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮುಗಿಸಬಹುದು. ತೀರಿಕೊಂಡ ತಾತನ ಹೆಸರಲ್ಲೇ ಸಂಪರ್ಕ ಉಳಿದಿದ್ರೆ ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಪತ್ರ ಕೊಟ್ಟು ಬದಲಿಸಿಕೊಳ್ಳಿ.

ಬ್ರಿಟನ್‌ನಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಚಳಿಗಾಲದಲ್ಲಿ, ಒಂಟಿಯಾಗಿರೋ ವೃದ್ಧರ ಮನೆಯ ಗ್ಯಾಸ್ ಸಂಪರ್ಕವನ್ನ ಬಾಕಿ ಇದ್ರೂ ಕಡಿಯೋ ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಕಡಿಯೋಕೆ ಪೈಪೂ ಇಲ್ಲ, ಮೀಟರೂ ಇಲ್ಲ. ಇಲ್ಲಿ ಗ್ಯಾಸ್ ನಿಲ್ಲೋದು "ಸ್ಟಾಕ್ ಇಲ್ಲ, ನಾಳೆ ಬನ್ನಿ" ಅನ್ನೋ ಒಂದು ಮಾತಿಗೆ. ಇದಕ್ಕೂ ಕಾನೂನಿದೆ. ಅಡುಗೆ ಅನಿಲ ಅಗತ್ಯ ವಸ್ತು. 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಮತ್ತು ವಿತರಣೆ ನಿಯಂತ್ರಣ ಆದೇಶದ ಪ್ರಕಾರ ಸ್ಟಾಕ್ ಇಟ್ಟುಕೊಂಡು ನೋಂದಾಯಿತ ಗ್ರಾಹಕರಿಗೆ ಇಲ್ಲ ಅನ್ನೋ ಹಾಗಿಲ್ಲ. ಸ್ಟಾಕ್ ಎಷ್ಟಿದೆ, ಬೆಲೆ ಎಷ್ಟು ಅಂತ ಬೋರ್ಡ್‌ನಲ್ಲಿ ಬರೆದಿಡಬೇಕು.

ಸರಿ, ದೂರು ಎಲ್ಲಿ ಕೊಡೋದು? ಮೊದಲು ಏಜೆನ್ಸಿಗೆ ಬರವಣಿಗೆಯಲ್ಲಿ ಕೊಡಿ, ವಾಟ್ಸಾಪ್ ಆದ್ರೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಆಮೇಲೆ ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಮೂರಕ್ಕೂ ಒಂದೇ ಟೋಲ್ ಫ್ರೀ ನಂಬರ್: 1800-2333-555. ಅಲ್ಲೂ ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಿಮ್ಮ ಊರಿಗೆ ಅದೇ ಕಂಪನಿಯ ಬೇರೆ ವಿತರಕರು ಸರಬರಾಜು ಮಾಡ್ತಿದ್ರೆ ಆನ್‌ಲೈನ್‌ನಲ್ಲೇ ಅವರಿಗೆ ಬದಲಾಯಿಸಿಕೊಳ್ಳಬಹುದು. "ಮುಂದಿನ ಸಲ ಲೇಟ್" ಅನ್ನೋ ಭಯಕ್ಕೆ ಇದೂ ಒಂದು ಮದ್ದು.

ಇಷ್ಟಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥ ವಲಸೆ ಮಕ್ಕಳಿಗೆ ಅನುಕೂಲವಾದ ಒಂದು ಸಾಲಿದೆ. ದೂರುದಾರರು ತಾವು ವಾಸ ಮಾಡೋ ಅಥವಾ ಕೆಲಸ ಮಾಡೋ ಊರಲ್ಲೇ ದೂರು ಹಾಕಬಹುದು. ಸಂಪರ್ಕ ನಿಮ್ಮ ಹೆಸರಲ್ಲಿದ್ರೆ ಬೆಂಗಳೂರಲ್ಲೇ ಆಗುತ್ತೆ, ಅಮ್ಮನ ಹೆಸರಲ್ಲಿದ್ರೆ ಮಂಡ್ಯದಲ್ಲಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಘಟನೆ ನಡೆದು 2 ವರ್ಷದೊಳಗೆ ಹಾಕಬೇಕು. ಸಾಮಾನ್ಯವಾಗಿ 3 ತಿಂಗಳಲ್ಲಿ ಇತ್ಯರ್ಥ ಆಗಬೇಕು ಅನ್ನುತ್ತೆ ಕಾಯ್ದೆ, ನಿಜದಲ್ಲಿ ಹೆಚ್ಚೇ ಹಿಡಿಯಬಹುದು. ಒಂದು ಎಚ್ಚರ: ಕಂಪನಿಯ ಮೇಲೆ ಮಾತ್ರ ಕೇಸ್ ಹಾಕಬೇಡಿ, ಏಜೆನ್ಸಿಯನ್ನೂ ಸೇರಿಸಿ. ವಿತರಕರ ತಪ್ಪಿಗೆ ತೈಲ ಕಂಪನಿಯನ್ನ ಹೊಣೆ ಮಾಡೋಕಾಗಲ್ಲ ಅಂತ 1990ರ ದಶಕದಲ್ಲೇ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೂವತ್ತು ರೂಪಾಯಿಗೆ ಇಷ್ಟೆಲ್ಲಾ ಬೇಕಾ ಅಂತ ಅನ್ನಿಸಬಹುದು. ಆದ್ರೆ ತೂಕ ಕೇಳದ ಮನೆಯವರು ವಾಸನೆ ಬಂದಾಗಲೂ "ಹೇಳಿದ್ರೆ ಏನನ್ಕೋತಾರೋ" ಅಂತ ಸುಮ್ನಿರ್ತಾರೆ. ಭಯ ಅಲ್ಲಿಗೆ ಬಂದು ಮುಟ್ಟಬಾರದು. ಸೋರಿಕೆ ಅನ್ನಿಸಿದ ಕೂಡಲೇ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ದಿನದ 24 ಗಂಟೆಯೂ ಇರುತ್ತೆ. ಅನಾಹುತ ಆದ್ರೆ ಪರಿಹಾರಕ್ಕೆ ತೈಲ ಕಂಪನಿಗಳೇ ವಿಮೆ ಮಾಡಿಸಿರ್ತವೆ, ಗ್ರಾಹಕರು ಪ್ರೀಮಿಯಂ ಕಟ್ಟಬೇಕಾಗಿಲ್ಲ. ಏಜೆನ್ಸಿಗೆ ಕೂಡಲೇ ಬರೆದು ತಿಳಿಸಬೇಕು ಅಷ್ಟೆ.

ಈ ವಾರಾಂತ್ಯ ಊರಿಗೆ ಹೋದ್ರೆ ಅಡುಗೆಮನೆ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಮೂರು ಸಂಖ್ಯೆ ಬರೆದಿಟ್ಟು ಬನ್ನಿ: 14.2, 1915, 1906.